ಬಳಂಜಿಯ ನೆರಳು

ಮನೆ ನೋಡಲು ಹೋದವಳು ಮರ ನೋಡುತ್ತ ನಿಂತೆ.
ಸಿದ್ದಾಪುರದಿಂದ ಎರಡು ಮೈಲಿ, ಹದಿನಾಲ್ಕು ಸೆಂಟು,
ಹಂಚಿನ ಮಾಡು, ಕೆಂಪು ಗಾರೆಯ ನೆಲ,
ಪಡುವಣ ಹಿತ್ತಿಲಲ್ಲಿ ಬಳಂಜಿ.
ಎಲೆ ಕಳಚಿ ಮೈತುಂಬ ಹೂ ಹೊತ್ತಿತ್ತು;
ಗಿಳಿ ಪಿಕಳಾರಗಳ ಗದ್ದಲದಲ್ಲಿ
ನನ್ನ ಲೆಕ್ಕ ನನಗೇ ಕೇಳಿಸಲಿಲ್ಲ.

"ಮೂವತ್ತು ವರ್ಷದಲ್ಲಿ ಒಂದು ಕಡ್ಡಿ ಬಿದ್ದಿಲ್ಲ," ಎಂದರು ಚೀಯಣ್ಣ.
ಮನೆ ನಿಮ್ಮದು; ಮರ ಮಾತ್ರ, ಕಾಗದದ ಪ್ರಕಾರ, ಸರ್ಕಾರದ್ದು.
ಕಡಿಯಲು ಅರ್ಜಿ, ಅರ್ಜಿಗೆ ನಕ್ಷೆ, ನಕ್ಷೆಗೊಂದು ಮುದ್ರೆ.
ಬಿದ್ದರೆ? ಎಂದೆ.
ಬಿದ್ದರೂ ದಿಮ್ಮಿ ಅವರದೇ ಎಂದು ನಕ್ಕರು.
ಒಡೆದ ಹಂಚು ಯಾರದೆಂದು ಕೇಳಲು ಬಾಯಿ ಬರಲಿಲ್ಲ.

ಮೆಣಸು ಕೊಯ್ಯಲು ಏಣಿ ಹತ್ತುವ ಮೊಯ್ದು ಜೊತೆಗೆ ಬಂದಿದ್ದ.
ಕತ್ತಿಯ ಬೆನ್ನಿನಿಂದ ಬುಡದ ಸುತ್ತ ತಟ್ಟಿದ,
ವಾರ್ಡಿನಲ್ಲಿ ನಮ್ಮ ಹಳೇ ಡಾಕ್ಟರು
ರೋಗಿಯ ಬೆನ್ನು ತಟ್ಟುವ ಹಾಗೆ, ತಲೆ ವಾಲಿಸಿ.
ಟಕ್. ಟಕ್. ಟಕ್.
ಚರಂಡಿಗೆಂದು ಬೇರು ಕಡಿದ ಮಗ್ಗುಲಲ್ಲಿ
ಒಮ್ಮೆ ಮಾತ್ರ, ಡೊಬ್.
"ಪೊಟರೆ ಇರಬಹುದು, ಇಲ್ಲದಿರಲೂಬಹುದು.
ಬೇಸಿಗೆಯಲ್ಲಿ ಎಲ್ಲ ಮರವೂ ಒಳ್ಳೆಯದೇ ಅಕ್ಕ,
ಕಕ್ಕಡದ ಗಾಳಿಯಲ್ಲಿ ಬಂದು ನೋಡಬೇಕು."
ಕಕ್ಕಡಕ್ಕೆ ಇನ್ನೂ ಐದು ತಿಂಗಳು.
ಮುಂಗಡಕ್ಕೆ ಸೋಮವಾರ ಗಡುವು.

ಮೂರೂವರೆಯ ತನಕ ಕಾದೆ,
ನನ್ನ ನೆರಳು ನನ್ನಷ್ಟೇ ಉದ್ದವಾಗುವ ತನಕ.
ಆಗ ಮರದ ನೆರಳೂ ಸುಳ್ಳು ಹೇಳುವುದಿಲ್ಲ.
ಅದು ಮಾಡು ದಾಟಿತ್ತು, ನೀರಿನ ಟ್ಯಾಂಕಿ ದಾಟಿತ್ತು,
ಗೇಟಿನಾಚೆ ನಿಂತ ನಮ್ಮ ಸ್ಕೂಟರಿನ ಸೀಟಿನ ಮೇಲೆ
ತುದಿಯ ಹೂಗಳನ್ನು ಸುಮ್ಮನೆ ಆಡಿಸುತ್ತಿತ್ತು.

ನೀರು ಕುಡಿಯಲು ಒಳಗೆ ಹೋದೆ.
ಪಡುವಣ ಕಿಟಕಿಯ ಕೆಳಗೆ, ಗಾರೆಯಲ್ಲಿ,
ಮಂಚದ ನಾಲ್ಕು ಕಾಲಿನ ಗುರುತು.
ಅಲ್ಲಿಂದ ಹೊಸ್ತಿಲು ದಾಟಿ ಅಡುಗೆಮನೆಯ ಗೋಡೆವರೆಗೆ
ಗೀರು. ಗೀರಿನ ಮೇಲೆ ಗೀರು.
ಹಳೆಯವು ಮೇಣ ತುಂಬಿ ನುಣುಪಾಗಿವೆ,
ಒಂದು ಇನ್ನೂ ಬಿಳಿ.
ವರ್ಷಕ್ಕೊಮ್ಮೆ ಎಳೆದದ್ದು, ಮತ್ತೆ ವಾಪಸು ಎಳೆದದ್ದು.
ಚೀಯಣ್ಣ ಲೋಟ ಕೊಟ್ಟರು.
ನಾನು ನೆಲ ನೋಡಿದ್ದನ್ನು ಅವರು ನೋಡಿದರು.
ಇಬ್ಬರೂ ಹೂವಿನ ಮಾತಾಡಿದೆವು.

ರಾತ್ರಿ ಬಾಡಿಗೆ ಮನೆಯಲ್ಲಿ ಇವರು
ಔಷಧಿ ಚೀಟಿಯ ಹಿಂಬದಿಗೆ ಆ ಮನೆ ಬರೆದರು,
ಮರಕ್ಕೊಂದು ಸೊನ್ನೆ ಸುತ್ತಿದರು.
ಹದಿನೈದು ಸಾವಿರ ಇಳಿಸಿ ಕೇಳೋಣ ಎಂದರು.
ಹ್ಞೂಂ ಎಂದೆ.
ಆಮೇಲೆ ಬಹಳ ಹೊತ್ತು ನಾವು ಮಾತಾಡಿದ್ದು
ನಮ್ಮ ಮಂಚದ ಕಾಲಿಗೆ
ರಬ್ಬರು ಹಾಕಿಸುವ ಬಗ್ಗೆ.