ಹಳೇ ಗಾಯ

ಗ್ರಿಮ್ಸ್‌ಬಿಯ ಗಾಯದ ಕ್ಲಿನಿಕ್ಕು, ಮಂಗಳವಾರ.
ಕ್ಲಿಫರ್ಡ್ ಟಾಸ್ಕರ್ ತೋಳು ಮಡಚಿ ತೋರಿಸಿದರು:
ಎಪ್ಪತ್ತೊಂದರಲ್ಲಿ ಟ್ರಾಲರಿನ ರಾಟೆಗೆ ಸಿಕ್ಕು ಸೀಳಿದ್ದು,
ಹದಿನಾಲ್ಕು ಹೊಲಿಗೆ. ಎಂದೋ ಮಾಗಿದ್ದು
ಹೋದ ವಾರ ತಾನಾಗಿ ಬಾಯಿ ಬಿಟ್ಟಿದೆ.

"ಬೀಳಲಿಲ್ಲ, ತಾಗಲಿಲ್ಲ, ಸಿಸ್ಟರ್."

ಒಸಡು ಒತ್ತಿದರೆ ರಕ್ತ.
ಕಾಲಿನ ರೋಮದ ಬುಡಕ್ಕೆಲ್ಲ ಕೆಂಪು ಚುಕ್ಕಿ.
ಊಟ ಏನು ಮಾಡ್ತೀರಿ?
ಚಹಾ. ಬ್ರೆಡ್ಡು. ಚಹಾ.
ಐರಿಸ್ ಹೋದ ಮೇಲೆ ಒಲೆ ಹಚ್ಚಿಲ್ಲವಂತೆ.

ಅವರಿಗೆ ಹಗ್ಗ ಗೊತ್ತು. ಹಗ್ಗದಲ್ಲೇ ಹೇಳಿದೆ:
ಚರ್ಮದೊಳಗೂ ಮೂರೆಳೆಯ ಹುರಿ, ಕೊಲ್ಯಾಜೆನ್ ಅಂತ.
ಎಳೆ ನೂತ ಮಾತ್ರಕ್ಕೆ ಹುರಿಯಾಗುವುದಿಲ್ಲ,
ನೂತ ಮೇಲೂ ಕೆಲಸವಿದೆ:
ಅಲ್ಲಲ್ಲಿ ಆಮ್ಲಜನಕದ ಪುಟ್ಟ ಕೊಕ್ಕೆ ಸಿಕ್ಕಿಸಬೇಕು,
ಸಿಕ್ಕಿಸುವ ಕೈಗೆ ಕಿತ್ತಳೆಯ ಸತ್ವ ಬೇಕು.
ಇಲ್ಲವಾದರೆ ಮೈಬಿಸಿಗೇ ಹುರಿ ಬಿಚ್ಚಿಕೊಳ್ಳುತ್ತದೆ.

"ಅದು ಹೊಸ ಗಾಯಕ್ಕಲ್ಲವೆ? ಇದು ಐವತ್ತು ವರ್ಷದ್ದು."

ಮಾಗಿ ಮುಗಿದದ್ದು ಅಂತ ಯಾವುದೂ ಇಲ್ಲ.
ದಿನಾ ಸವೆಯುತ್ತದೆ, ದಿನಾ ಹೊಸೆಯುತ್ತೇವೆ,
ನಮಗೇ ತಿಳಿಯದ ಹಾಗೆ.

ಅವರು ಕಿಟಕಿಯತ್ತ ನೋಡಿದರು. ಹಡಗುಕಟ್ಟೆಯಲ್ಲಿ ಈಗ
ಗಾಳಿಯಂತ್ರ ರಿಪೇರಿಯ ದೋಣಿಗಳು.
"ಕಡಲಲ್ಲಿ ಬಾರದ ಕಡಲರೋಗ
ದಡದಲ್ಲಿ ಕೂತವನಿಗೆ ಬಂತೇ!"
ನಕ್ಕರು. ಒಸಡು ಕಂಡಿತು.

ಮುಂದಿನ ಮಂಗಳವಾರ ಚೀಲದಲ್ಲಿ ಎರಡು ಕಿತ್ತಳೆ,
ಒಂದು ನನಗೆ.
ಬೆರಳಲ್ಲಿ ಬಲವಿಲ್ಲ, ನಾನೇ ಸುಲಿದೆ.
ಐರಿಸ್ ಸಿಪ್ಪೆಯನ್ನು ಒಂದೇ ಎಳೆಯಾಗಿ ತೆಗೆಯುತ್ತಿದ್ದರಂತೆ.
ನನ್ನದು ಮೂರು ಕಡೆ ಹರಿಯಿತು.