ಉಪ್ಪು ಕುಡಿದ ಚೆಂಡು

ಮೂರನೆಯ ಸಲ ಚೆಂಡು ಸಮುದ್ರಕ್ಕೆ ಬಿತ್ತು.
ಹನುವಾಬಾಡದಲ್ಲಿ ಅದೇನು ದೊಡ್ಡ ಸುದ್ದಿಯಲ್ಲ,
ಮನೆಗಳೇ ನೀರಿನ ಮೇಲೆ ಕಂಬ ಊರಿ ನಿಂತಿರುವಾಗ
ಚೆಂಡಿಗೆಂದು ನೆಲ ಎಲ್ಲಿಂದ ತರೋಣ?
ಇದ್ದದ್ದೊಂದು ಕಾಂಕ್ರೀಟಿನ ರಸ್ತೆ.
ಅದರಲ್ಲೇ ಇಪ್ಪತ್ತೆರಡು ಗಜ,
ಅದರಲ್ಲೇ ಮೀನಿನ ವ್ಯಾಪಾರ,
ಅದರಲ್ಲೇ ಚರ್ಚಿಗೆ ಹೊರಟ ಬಿಳಿಬಟ್ಟೆಯ ಮುದುಕಿಯರು
ಆಫ್ ಸ್ಟಂಪಿನ ಆಚೆಗೆ ಸರಿದು ಹೋಗುವರು.
'ಇಗೋ, ಇಗೋ' ಎಂದು ಕೂಗಿದೆ.
ಇಗೋ ಅಂಗಿ ಕಳಚಿ
ಯಾರದೋ ಅಡುಗೆಮನೆಯಡಿಗೆ ಈಜಿದ.

ಎಸೆದವಳು ಅವನ ಅಕ್ಕ, ಇದಾವು. ಹದಿನಾಲ್ಕು ವರ್ಷ.
ಏಡಿಯ ಹಾಗೆ ಓರೆಯಾಗಿ ಓಡಿಬಂದು
ತಪ್ಪು ಕಾಲಿನ ಮೇಲೆ ನೆಗೆದು
ಕಿವಿಯ ಹಿಂದಿನಿಂದ ಕದ್ದಂತೆ ಚೆಂಡು ಬಿಡುವಳು.
ಆ ಚೆಂಡೋ,
ಬಾಗಿಲವರೆಗೆ ಹೋಗಿ ಮನಸ್ಸು ಬದಲಿಸಿದವರಂತೆ
ಕೊನೆ ಗಳಿಗೆಯಲ್ಲಿ ಒಳಕ್ಕೆ ತಿರುಗಿ
ಸ್ಟಂಪಿಗಿಟ್ಟ ಎಣ್ಣೆ ಡಬ್ಬವನ್ನು ಢಣ್ಣೆನಿಸುತ್ತಿತ್ತು.

ನಾನು ಆಗಷ್ಟೇ ಕೋಚ್ ಆದವಳು.
ಒಂಬತ್ತು ದಿನದ ತರಬೇತಿ, ಒಂದು ಸೀಟಿ,
ಬೆನ್ನುಮೂಳೆಯ ಚಿತ್ರವಿದ್ದ ಒಂದು ಕಡತ.
ಆ ಚಿತ್ರ ನನಗೆ ಯಾರೂ ವಿವರಿಸಬೇಕಿರಲಿಲ್ಲ.
ಕೆಳಗಿನಿಂದ ಎರಡನೆಯ ಮಣಿ, ಎಡಮಗ್ಗುಲು:
ಅಲ್ಲೇ ನನ್ನದು ಬಿರುಕು ಬಿಟ್ಟದ್ದು,
ಇಪ್ಪತ್ತಮೂರಕ್ಕೆ, ಲಾಯೆಯ ಒದ್ದೆ ಮೈದಾನದಲ್ಲಿ,
ಆರನೆಯ ಓವರಿನ ಐದನೆಯ ಚೆಂಡು.
ಆರನೆಯದನ್ನು ಬೇರೆ ಯಾರೋ ಹಾಕಿದರು.

ಹೆದರಿಕೆಗೆ ಹೇಳುವ ಇನ್ನೊಂದು ಹೆಸರು ಶಿಸ್ತು.
ಹವಳದ ಚೂರಿನಿಂದ ರಸ್ತೆಯ ಮೇಲೆ ಗೆರೆ ಎಳೆದೆ,
ಇಲ್ಲಿ ಎಡಗಾಲು, ಇಲ್ಲಿ ಬಲಗಾಲು,
ಕೈ ಕಿವಿಗೆ ತಾಗಿ ಮೇಲೆ, ಇನ್ನೂ ಮೇಲೆ.
ಆರು ವಾರ.
ಇದಾವು ನೇರವಾದಳು.
ಅವಳ ಚೆಂಡೂ ನೇರವಾಯಿತು,
ಎಷ್ಟು ನೇರವೆಂದರೆ, ಪಕ್ಕದ ಮನೆಯ ಪಾದ್ರಿ
ಲುಂಗಿ ಎತ್ತಿ ಕಟ್ಟಿ ಸಿಕ್ಸರ್ ಹೊಡೆದ.
ಅವಳು ಚೆಂಡು ಕೇಳುವುದನ್ನೇ ಬಿಟ್ಟಳು.
ದೋಣಿಕಟ್ಟೆಯ ಕಡೆ, ಯಾರೂ ಹೊಡೆಯದ ದಿಕ್ಕಿನಲ್ಲಿ
ಫೀಲ್ಡಿಂಗಿಗೆ ನಿಲ್ಲತೊಡಗಿದಳು.

ಒಂದು ಸಂಜೆ, ಇಳಿತದ ಹೊತ್ತು,
ಇಗೋ ತಗಡಿನ ಮೇಲೆ ಚೆಂಡು ಒಣಗಿಸುತ್ತಿದ್ದ,
ಒಂದೇ ಮಗ್ಗುಲು, ಮಗುಚದೆ.
ಮಗುಚೋ, ಎಂದೆ.
ಮಗುಚಬಾರದು, ಎಂದ.
'ಉಪ್ಪು ಕುಡಿದ ಮಗ್ಗುಲು ಭಾರ. ಅದು ಒಳಗೆ ಎಳೆಯುತ್ತೆ.
ಅಕ್ಕ ಹೇಳಿದ್ದು. ಹೋದ ವರ್ಷವೇ.'

ಹೋದ ವರ್ಷ!
ನಾನು ಗೆರೆ ಎಳೆದೆ, ಸೀಟಿ ಊದಿದೆ,
ಮೊಣಕೈ ಹಿಡಿದು ತಿರುಗಿಸಿದೆ.
ಇದನ್ನು ಹೇಗೆ ಮಾಡುತ್ತೀಯೇ ಎಂದು
ಒಂದು ಮಾತು ಕೇಳಲಿಲ್ಲ.

ಮರುದಿನ ಕೇಳಿದೆ. ಮೊದಲು ನಂಬಲಿಲ್ಲ ಅವಳು.
ಆಮೇಲೆ ಏಡಿಯ ಓಟ, ತಪ್ಪು ಕಾಲು, ಕಿವಿಯ ಹಿಂದಿನ ಕಳ್ಳತನ.
ತಪ್ಪು ಹುಡುಕದೆ ನೋಡಿದ್ದು ಅದೇ ಮೊದಲು.
ನೋಡಿದೆ: ನೆಗೆದಾಗ ಅವಳ ಸೊಂಟ, ಅವಳ ಭುಜ
ಎರಡೂ ಒಂದೇ ಕಡೆ ಮುಖ ಮಾಡಿದ್ದವು,
ಒಂದೇ ದೋಣಿಯಲ್ಲಿ ಕೂತವರ ಹಾಗೆ.
ನನ್ನವು ಎಂದೂ ಹಾಗಿರಲಿಲ್ಲ.
ಪತ್ರಿಕೆಯವರು ಫೋಟೋ ತೆಗೆದ ನನ್ನ ಆ್ಯಕ್ಷನ್ನಿನಲ್ಲಿ
ಸೊಂಟ ದಡಕ್ಕೆ, ಭುಜ ಕಡಲಿಗೆ,
ನಡುವೆ ಹಿಂಡಿದ ಬಟ್ಟೆಯಂಥ ಬೆನ್ನು.

ಒಂದೇ ಒಂದು ತಿದ್ದಿದೆ. ಅವಳ ಚಪ್ಪಲಿಯನ್ನು
ಹನ್ನೊಂದು ಹೆಜ್ಜೆ ಹಿಂದಿಟ್ಟು, ಇಲ್ಲಿಂದಲೇ ಹೊರಡು, ಎಂದೆ.
ದಿನಕ್ಕೊಂದು ಜಾಗದಿಂದ ಓಡಿ ಬರುತ್ತಿದ್ದಳಲ್ಲ.
ಅಷ್ಟೆ. ಹವಳದ ಗೆರೆಗಳನ್ನು
ಮೀನಿನ ಬುಟ್ಟಿಗಳು, ಮುದುಕಿಯರ ಕಾಲುಗಳು
ಆಗಲೇ ಅಳಿಸಿದ್ದವು.

ಕತ್ತಲಾಗುತ್ತ ಬಂದಾಗ, ಯಾರೂ ನೋಡದಿರುವಾಗ,
ನಾನೂ ಒಂದು ಚೆಂಡು ತೆಗೆದುಕೊಂಡೆ.
ನಾಲ್ಕೇ ಹೆಜ್ಜೆ. ಬೆನ್ನು ಹಳೆಯ ಬಾಗಿಲಿನಂತೆ ಕಿರುಗುಟ್ಟಿತು.
'ಹಾಗಲ್ಲ ರೆನಾಗಿ ಅಕ್ಕಾ,' ಹಿಂದಿನಿಂದ ಇದಾವು,
'ಮಣಿಕಟ್ಟು ಸಡಿಲ ಬಿಡಿ. ಹಿಡಿದುಕೊಂಡೇ ಎಸೆಯುತ್ತೀರಿ ನೀವು.'

ಬಿಟ್ಟೆ.
ಚೆಂಡು ಡಬ್ಬ ದಾಟಿ, ಕಟ್ಟೆ ದಾಟಿ,
ಎಲ್ಲೋ ಪುಳಕ್ಕೆಂದಿತು.
ಇಗೋ ಆಗಲೇ ಅಂಗಿ ಕಳಚುತ್ತಿದ್ದ.