ಐದು ಮನೆ

ಬೀಗ ಹಾಕುವ ಹೊತ್ತಿಗೆ ಬಂದಳು ವರ್ನಾ ಟ್ಯಾಕೆಟ್,
ಕೋಟಿನ ತುಂಬ ಸೋಪಿನ ವಾಸನೆ.
ಗಣಿ ಮುಚ್ಚಿದ ಮೇಲೆ ಈ ಕೆಂಟಕಿಯ ಕಣಿವೆಗೆ
ಅವಳ ಲಾಂಡ್ರಿ, ನನ್ನ ಅಂಗಡಿ, ಎರಡೇ ದೀಪ.

ಗಾಜಿನ ಮೇಲೆ ರಿವಾಲ್ವರ್ ಇಟ್ಟಳು.
ಅಂಗೈಯಷ್ಟು. ಐದೇ ಮನೆ, ಐದೂ ಖಾಲಿ.
'ಇದಕ್ಕೇನು ಹಾಕಲಿ, ಓಡೆಲ್?'

ಮೂವತ್ತು ವರ್ಷದ ಮಾತು ನಾಲಿಗೆ ತುದಿಯಲ್ಲೇ ಇತ್ತು:
ಇದರ ತುದಿ ಟೊಳ್ಳು, ಹೊಕ್ಕ ಮೇಲೆ ಅರಳುತ್ತದೆ,
ಆದರೆ ನಳಿಗೆ ಮೋಟು, ವೇಗ ಸಾಲದೆ
ಒಮ್ಮೊಮ್ಮೆ ಮೊಗ್ಗಾಗಿಯೇ ಉಳಿದೀತು.
ಇದು ಜೋರು. ಹಗುರ ಪಿಸ್ತೂಲು, ಕೈಯನ್ನೇ ಒದೆಯುತ್ತದೆ,
ಎರಡನೆಯದು ಸೂರಿಗೆ.
ಇದು ಮೊಂಡುಮೂತಿಯದು, ಸಾಧು...

ತಡೆದಳು.
'ನಮ್ಮದು ಟ್ರೇಲರ್ ಮನೆ. ಗೋಡೆ ಅಂದರೆ ರಟ್ಟು.
ಆಚೆಗೇ ಮಗಳ ಮಂಚ.
ಯಾವುದು ಅವನಲ್ಲೇ ನಿಲ್ಲುತ್ತದೆ?'

ಅವನು. ಹೆಸರು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಮಂಗಳವಾರ ಬಿಡುತ್ತಾರಂತೆ.
ಮೂರು ಚಳಿಗಾಲದ ಹಿಂದೆ ಇದೇ ಗಾಜಿನ ಮೇಲೆ
ಜಿಂಕೆ ಬೇಟೆಗೆಂದು ಅವನಿಗೂ ಡಬ್ಬಿ ಕಟ್ಟಿಕೊಟ್ಟವನು ನಾನೇ,
ಒಳ್ಳೆಯದಾಗಲಿ ಎಂದೂ ಅಂದಿದ್ದೆ.

ಗುರಿ ತಪ್ಪಿದರೆ ಯಾವುದೂ ನಿಲ್ಲುವುದಿಲ್ಲ, ವರ್ನಾ.
ಮಂಚ ಸರಿಸು ಮೊದಲು.

ಸಾಧುವಾದದ್ದನ್ನೇ ಆರಿಸಿಕೊಂಡಳು.
ಇಪ್ಪತ್ತೆಂಟು ಡಾಲರ್, ಎಲ್ಲ ಕಾಲು ಡಾಲರಿನ ಬಿಲ್ಲೆ,
ಒಗೆಯುವ ಮೆಷಿನ್ನುಗಳ ಹೊಟ್ಟೆಯಿಂದ ಬಾಚಿದ್ದು.
ನೂರ ಹನ್ನೆರಡು ಎಣಿಸುವಷ್ಟು ಹೊತ್ತೂ
ಅವಳ ಕಣ್ಣು ಬಾಗಿಲಲ್ಲಿ.
ಡಬ್ಬಿಗಿಂತ ಚಿಲ್ಲರೆಯೇ ಭಾರ.

ಅವಳ ಗಾಡಿಯ ಕೆಂಪು ದೀಪ ತಿರುವಿನಲ್ಲಿ ಆರಿತು.
ಕೈ ತೊಳೆದುಕೊಳ್ಳೋಣವೆಂದು ಹೋದೆ.
ಆಗಲೇ
ಸೋಪಿನ ವಾಸನೆ.